ಸಂಜೀವಣ್ಣನ ಬೈರಾಸು

ಮಗಳು ಆನ್‌ಲೈನ್ ಆಟದ ಅಕೌಂಟ್ ತೆರೆಯುತ್ತಿದ್ದಳು. ಚಿಕ್ಕವಳಾದ್ದರಿಂದ ನನ್ನ ಒಪ್ಪಿಗೆ ಬೇಕಂತೆ. ನಿಯಮಗಳನ್ನು ಓದುತ್ತ ಹೋದೆ. ಹೆಸರು, ವಯಸ್ಸು, ಯಾರ ಜೊತೆ ಎಷ್ಟು ಹೊತ್ತು ಆಡಿದಳು, ಎಲ್ಲವನ್ನೂ ಅವರು ಇಟ್ಟುಕೊಳ್ಳುತ್ತಾರೆ, ಬೇರೆಯವರಿಗೂ ಕೊಡುತ್ತಾರೆ.

ನಾನು ಚಿಕ್ಕವಳಿದ್ದಾಗ ಚೆಂಬೂರಿನ ನಮ್ಮ ಚಾಳಿನಲ್ಲಿದ್ದ ಕೇರಂ ಬೋರ್ಡ್ ನೆನಪಾಯಿತು. ಅದು ಪಕ್ಕದ ಖೋಲಿಯ ಸಂಜೀವಣ್ಣನದು. ಉಡುಪಿ ಹೋಟೆಲಿನ ಕೆಲಸ. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದು ಸಂಜೆಯ ಪಾಳಿ ಶುರುವಾಗುವ ನಡುವೆ ಪ್ಯಾಸೇಜಿನಲ್ಲಿ ಬೋರ್ಡ್ ಇಡುತ್ತಿದ್ದ. "ಸೋತ್ರೆ ಅಳ್ಬಾರ್ದು" ಎನ್ನುವುದೊಂದೇ ಅವನ ಷರತ್ತು.

ಹುಡುಗಿ ಗಂಡಸರ ನಡುವೆ ಕೂತು ಆಡುವುದು ಅಮ್ಮನಿಗೆ ಸುತರಾಂ ಇಷ್ಟವಿರಲಿಲ್ಲ. ಅದಕ್ಕೇ ಆಟ ಮುಗಿದದ್ದೇ ಸಂಜೀವಣ್ಣ ಹೆಗಲ ಮೇಲಿನ ಬೈರಾಸು ಒದ್ದೆ ಮಾಡಿ ನನ್ನ ಬೆರಳಿಗಂಟಿದ ಕೇರಂ ಬೋರ್ಡಿನ ಬೋರಿಕ್ ಪೌಡರ್ ಒರೆಸುತ್ತಿದ್ದ. "ಹೋಗು ಮಾರಾಯ್ತಿ, ನಾನು ಯಾರಿಗೂ ಹೇಳುದಿಲ್ಲ."

ಎಷ್ಟೋ ವರ್ಷಗಳ ಮೇಲೆ ಅಮ್ಮ ನಕ್ಕಿದ್ದಳು. "ನಿನ್ನ ಕೈಗೆ ದಿನಾ ಹೋಟೆಲಿನ ಸಾಂಬಾರಿನ ಪರಿಮಳ ಇರ್ತಿತ್ತು. ಸಂಜೀವನ ಹತ್ರ ಇದ್ದಿ ಅಂತ ಗೊತ್ತಾಗ್ತಿತ್ತು. ಮತ್ತೆ ನಂಗೆಂತ ಹೆದರಿಕೆ?"

"ಮಮ್ಮಿ, ಇದೆಲ್ಲ ಯಾರೂ ಓದಲ್ಲ, ಅಗ್ರೀ ದಬಾ ದೋ ನಾ!" ಎಂದಳು ಮಗಳು.

ಒತ್ತಿದೆ. ಆಮೇಲೆ ಅವಳ ಕೈ ಹಿಡಿದು ಮೂಸಿದೆ. ಯಾವ ವಾಸನೆಯೂ ಇರಲಿಲ್ಲ.