ಪ್ಲೇಟು ಆರಿಸಲು ಹಾಸನಕ್ಕೆ ಹೋದದ್ದು

ಹೊಲಿಗೆ ಮಿಷನ್ನಿನ ಎಣ್ಣೆಗೆ ಅದರದ್ದೇ ಒಂದು ವಾಸನೆ. ಮೊನ್ನೆ ಮೊಮ್ಮಗಳು ಬಂದು, ಕ್ರಿಸ್‌ಮಸ್ ರಜೆಯಲ್ಲಿ ತಮ್ಮ ಡ್ಯಾನ್ಸ್ ಕ್ಲಾಸಿನವರು ಬ್ಯಾಲೆ ಮಾಡುತ್ತಾರೆ, ನೆಟ್ ಬಟ್ಟೆಯ ಲಂಗ ಹೊಲಿದುಕೊಡು ಎಂದು ಪ್ರಾಣ ತಿಂದಳು. ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಮಿಷನ್ ತೆಗೆದರೆ ಚಕ್ರ ತಿರುಗಲೊಲ್ಲದು. ಮೂತಿ ಡೊಂಕಾದ ಹಳೇ ಎಣ್ಣೆ ಡಬ್ಬಿ ಹುಡುಕಿ ನಾಲ್ಕು ಹನಿ ಬಿಟ್ಟೆ. ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರಿಲ್ ಟೀಚರ್ ಎದುರಿಗೆ ಬಂದು ಕೂತಂತಾಯಿತು. ಆ ಡಬ್ಬಿ ಅವರದ್ದು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹೊಳೆನರಸೀಪುರದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಿದ್ದೆ. ಡ್ರಿಲ್ ಟೀಚರೂ ಅದೇ ಸ್ಕೂಲಿನವರು, ಒಂದೇ ವಠಾರದಲ್ಲಿ ನಮ್ಮಿಬ್ಬರದೂ ಅಕ್ಕಪಕ್ಕದ ಕೋಣೆ. ಅವರು ನನಗಿಂತ ದೊಡ್ಡವರು, ಮದುವೆಯಾಗಿರಲಿಲ್ಲ. ಅರಕಲಗೂಡಿನಲ್ಲಿ ತಮ್ಮನ ಮನೆಯಿತ್ತು, ರಜೆ ಬಂದರೂ ಅತ್ತ ತಲೆ ಹಾಕುತ್ತಿರಲಿಲ್ಲ. “ಅಲ್ಲಿಗೋದ್ರೆ ನಾನು ಪಾತ್ರೆ ತೊಳೆಯೋ ಅಕ್ಕ, ಅಷ್ಟೆ. ಇಲ್ಲಾದ್ರೆ ಟೀಚರ್ ಅಂತಾರೆ” ಎನ್ನುತ್ತಿದ್ದರು.

ಅವರ ತಂದೆ ಕಾಫಿ ತೋಟದ ಬಿಳಿ ದೊರೆಯ ಬಂಗಲೆಯಲ್ಲಿ ಅಡುಗೆಯವರಾಗಿದ್ದರಂತೆ. ಪ್ರತಿ ಕ್ರಿಸ್‌ಮಸ್‌ಗೂ ದೊರೆಯ ಮಗಳು ಹಜಾರದಲ್ಲಿ ಬ್ಯಾಲೆ ಕುಣಿಯುತ್ತಿದ್ದಳು, ಆಗಿನ್ನೂ ಚಿಕ್ಕ ಹುಡುಗಿಯಾಗಿದ್ದ ಇವರು ಅಡುಗೆಮನೆ ಬಾಗಿಲಿಗೆ ಒರಗಿ ನೋಡುತ್ತಿದ್ದರು. ದೊರೆ ತೋಟ ಮಾರಿ ಹೋಗುವಾಗ ಕೀಲಿ ಕೊಡುವ ಗ್ರಾಮಫೋನನ್ನೂ ಆ ಕುಣಿತದ ಒಂದು ಪ್ಲೇಟನ್ನೂ ಇವರಪ್ಪನಿಗೆ ಕೊಟ್ಟು ಹೋದ. ಇವರ ಆಸ್ತಿ ಅದೊಂದೇ.

ಶಾಲೆ ಬಿಟ್ಟ ಮೇಲೆ ಹುಡುಗಿಯರಿಗೆ ಆ ಕುಣಿತ ಕಲಿಸಲೆಂದು ಗ್ರಾಮಫೋನ್ ಪೆಟ್ಟಿಗೆಗೆ ಒಂದು ಹನಿ ಎಣ್ಣೆ ಬಿಟ್ಟು, ಕೀಲಿ ಕೊಟ್ಟು, ಮುಳ್ಳು ಇಳಿಸುತ್ತಿದ್ದರು. ಎಂಥ ಸಂಗೀತ ಅದು... ಹೊಳೆ ನೀರಿನಲ್ಲಿ ಬಿಟ್ಟ ಸೀರೆಯ ಹಾಗೆ ಮೆತ್ತಗೆ ಬಿಚ್ಚಿಕೊಳ್ಳುತ್ತಿತ್ತು. ಸೊಳ್ಳೆಪರದೆ ಕತ್ತರಿಸಿ ನಾನು ಹೊಲಿದ ಲಂಗ ತೊಟ್ಟು ಹುಡುಗಿಯರು ಕಾಲ್ಬೆರಳ ಮೇಲೆ ಎದ್ದು, ತೋಳು ಎತ್ತಿ, ನಿಧಾನಕ್ಕೆ ಸುತ್ತು ಬರುತ್ತಿದ್ದರು. ಕೊನೆಗೆ ಸ್ವರ ಇನ್ನೂ ಇಳಿದು, ಇಳಿದು... ಅದರ ಜೊತೆಗೇ ಮಕ್ಕಳೂ ನೆಲಕ್ಕೆ ಕುಸಿದು ಮಲಗಿಬಿಡುತ್ತಿದ್ದರು. ನಗಬೇಕೆಂದು ಬಂದ ಹೆಡ್‌ಮಿಸ್ಟ್ರೆಸ್ ಕೂಡ ಬಾಯಿ ಮುಚ್ಚಿಕೊಂಡು ನಿಂತದ್ದು ನಾನೇ ನೋಡಿದ್ದೇನೆ.

ಡ್ರಿಲ್ ಟೀಚರದ್ದು ಟೆಂಪರರಿ ಕೆಲಸ. ಮಾರ್ಚಿಗೆ ಆರ್ಡರ್ ಮುಗಿಯುತ್ತಿತ್ತು. ತಪಾಸಣೆಗೆ ಬಂದ ಇನ್‌ಸ್ಪೆಕ್ಟ್ರೆಸ್ ಅಮ್ಮನವರು ಈ ಕುಣಿತ ನೋಡಿ, ರಜೆಗೆ ಮುಂಚೆ ಹಾಸನದಲ್ಲಿ ನಡೆಯುವ ಶಾಲೆಗಳ ಕೂಟಕ್ಕೆ ತನ್ನಿ, ಚೆನ್ನಾಗಿ ಆದರೆ ನಿಮ್ಮನ್ನು ಖಾಯಂ ಮಾಡಲು ಬರೆಯುತ್ತೇನೆ ಎಂದರು. ಸವೆದ ಪ್ಲೇಟು ಕರಕರ ಅನ್ನುತ್ತೆ, ಹೊಸದು ಕೊಳ್ಳಿ ಅಂತಲೂ ಹೇಳಿದರು. ಅವತ್ತು ರಾತ್ರಿ ಟೀಚರ್ ಪಾಯಸ ಮಾಡಿ ಇಡೀ ವಠಾರಕ್ಕೆ ಹಂಚಿದರು. ಇನ್ನು ಅರಕಲಗೂಡಿನ ಪಾತ್ರೆ ತಪ್ಪಿತು ಅಂದುಕೊಂಡರು ಪಾಪ.

ಭಾನುವಾರ ಇಬ್ಬರೂ ಹಾಸನದ ಬಸ್ಸು ಹತ್ತಿದೆವು. ಗ್ರಾಮಫೋನ್ ಪೆಟ್ಟಿಗೆ ನಮ್ಮ ತೊಡೆಯ ಮೇಲೆ! ಬೇಡವೆಂದರೂ ಕೇಳಲಿಲ್ಲ. “ಕಂಡೋರ ಮಿಷನ್ನಲ್ಲಿ ಕೇಳಿ ಪ್ಲೇಟು ತಗಳಕಾಯ್ತದಾ?” ಎಂದರು. ಕಂಡಕ್ಟರು ಪೆಟ್ಟಿಗೆಗೂ ಟಿಕೆಟ್ಟು ಕೇಳಿ ನಮ್ಮನ್ನು ಗೋಳು ಹುಯ್ದುಕೊಂಡ.

ತೋಟದ ದೊರೆಗಳಿಗೆಂದು ಕ್ರಿಸ್‌ಮಸ್ ಸಮಯದಲ್ಲಿ ಇಂಥ ಪ್ಲೇಟು ತರಿಸುತ್ತಿದ್ದ ಅಂಗಡಿಯೊಂದಿತ್ತು. ಅದೇ ಸಂಗೀತವನ್ನು ಬೇರೆ ಬೇರೆ ವಾದ್ಯದವರು ನುಡಿಸಿದ ಪ್ಲೇಟುಗಳು ಅಲ್ಲಿದ್ದವು. ಅಂಗಡಿಯಾತ ತನ್ನ ಕರೆಂಟಿನ ಪ್ಲೇಯರಿನಲ್ಲಿ ಒಂದೊಂದೇ ಹಾಕಿದ. ಟೀಚರ್ ಮುಖ ಕಿವುಚಿದರು. “ಇದು ಓಡ್ತದೆ, ಬ್ಯಾಡ.” ಇನ್ನೊಂದು. “ಇದಂತೂ ಬಸ್ಸು ತಪ್ಪೋಯ್ತದೆ ಅನ್ನಂಗೆ ಓಡ್ತದಲ್ಲ ಸಾ!” ಆತ ನಕ್ಕ. ನನಗೂ ನಗು ಬಂತು.

ಕೊನೆಗೆ ಟೀಚರ್, “ನಮ್ಮ ಪೆಟ್ಟಿಗೇಲಿ ಹಾಕಿ ನೋಡಾಣ” ಎಂದು ತಾವೇ ಕೀಲಿ ಕೊಟ್ಟು, ಇದ್ದುದರಲ್ಲಿ ಒಂದು ಪ್ಲೇಟು ಹಾಕಿದರು. ಆಹಾ... ಅದೇ ಹೊಳೆ, ಅದೇ ಸೀರೆ, ಕರಕರವಿಲ್ಲದೆ. ಅವರ ಮುಖ ಅರಳಿಹೋಯಿತು. “ಇದೇ! ಇದೇ ಒಳ್ಳೇದು. ಕಟ್ಕೊಡಿ.”

ಆತ ಕಟ್ಟಲಿಲ್ಲ. ಅದೇ ಪ್ಲೇಟನ್ನು ಎತ್ತಿ ತನ್ನ ಪ್ಲೇಯರಿಗೆ ಹಾಕಿದ. ಅದು ಓಡಿತು.

“ಅಮ್ಮಾವ್ರೇ, ಪ್ಲೇಟಲ್ಲಿ ತಪ್ಪಿಲ್ಲ. ನಿಮ್ಮ ಪೆಟ್ಟಿಗೆ ಸ್ಪ್ರಿಂಗು ಸತ್ತೋಗದೆ, ಅದ್ಕೇ ನಿಧಾನಕ್ಕೆ ತಿರುಗ್ತದೆ. ಬ್ಯಾರೆ ಆಕ್ಕೊಡ್ಲಾ?” ಎಂದ ಆತ, ಮರುಕದಿಂದಲೇ.

“ಬ್ಯಾಡ” ಎಂದರು. ಪ್ಲೇಟು ಕೊಂಡರು. ಬಸ್ಸು ಹತ್ತಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ಊರು ಹತ್ತಿರ ಬಂದಾಗ ಕಿಟಕಿಯಾಚೆ ನೋಡುತ್ತಲೇ ಅಂದರು: “ದೊರೆ ಮಗಳು ಕುಣೀವಾಗ ಸ್ಪ್ರಿಂಗು ಹೊಸದಿದ್ದಿರಬೇಕು, ಅಲ್ವಾ ಟೀಚರ್? ಅಂಗಾದ್ರೆ ಅವಳು ಓಡೋಡಿ ಕುಣ್ದಿದ್ಲು. ನನ್ ಕಣ್ಣಲ್ಲಿ ತೇಲ್ತಾ ಅವ್ಳೆ... ನಾನು ನೋಡಿದ್ದು ಯಾವ್ದು?”

ಮರುದಿನದಿಂದ ಬಾಯಲ್ಲೇ ತಾಳ ಹಾಕಿ ಮಕ್ಕಳನ್ನು ಬೇಗ ಬೇಗ ಕುಣಿಸಲು ನೋಡಿದರು. ಒಬ್ಬಳ ಕಾಲು ಇನ್ನೊಬ್ಬಳು ತುಳಿದು ಬೀಳುವುದೇ ಆಯಿತು. ಮೈಗೆ ಹತ್ತಿದ್ದು ಬಿಡುತ್ತದೆಯೇ? ಆಮೇಲೆ ಅವರೇ ಕೈಚೆಲ್ಲಿ, “ಪೆಟ್ಟಿಗೇನೇ ತಗೊಂಡೋಗಿ ಮೈಕಿನ ಮುಂದೆ ಇಡಾಣ” ಎಂದರು.

ಕೂಟದ ದಿನ ಇಟ್ಟರೆ ಸಂಗೀತಕ್ಕಿಂತ ಪೆಟ್ಟಿಗೆಯೊಳಗಿನ ಗರಗರವೇ ಜೋರು. ಸಭೆಯಲ್ಲಿ ಗಲಾಟೆ ಎದ್ದಿತು. ಮೈಕ್ ಸೆಟ್ಟಿನವನು ನಮ್ಮನ್ನು ಕೇಳದೆಯೇ ಪ್ಲೇಟು ಎತ್ತಿ ತನ್ನ ಕರೆಂಟ್ ಪ್ಲೇಯರಿಗೆ ಹಾಕಿಬಿಟ್ಟ.

ಸಂಗೀತ ಓಡಿತು. ಮಕ್ಕಳು ತಮಗೆ ಬರುವಷ್ಟು ನಿಧಾನಕ್ಕೇ ಕುಣಿದರು. ಒಂದಕ್ಕೂ ಒಂದಕ್ಕೂ ಸಂಬಂಧವಿಲ್ಲ. ಕುಣಿತ ಅರ್ಧಕ್ಕೆ ಬರುವಷ್ಟರಲ್ಲೇ ಪ್ಲೇಟು ಮುಗಿಯಿತು. ಹುಡುಗಿಯರು ನಿಲ್ಲಲಿಲ್ಲ. ಕಲಿಸಿದ್ದನ್ನು ಪೂರ್ತಿ ಮಾಡಬೇಕು ಎಂದಷ್ಟೇ ಆ ಕಂದಮ್ಮಗಳಿಗೆ ಗೊತ್ತು. ಸದ್ದಿಲ್ಲದ ಸ್ಟೇಜಿನ ಮೇಲೆ ತೋಳೆತ್ತಿ ಸುತ್ತು ಬರುತ್ತಲೇ ಇದ್ದರು. ಪಕ್ಕದ ಪರದೆ ಹಿಡಿದು ನಿಂತಿದ್ದ ಟೀಚರ್ ಇನ್ನೊಂದು ಕೈಯನ್ನು ಮೆಲ್ಲಗೆ ಏರಿಸಿ ಇಳಿಸುತ್ತಿದ್ದರು, ಮಕ್ಕಳ ಕಣ್ಣೆಲ್ಲ ಆ ಕೈಯ ಮೇಲೆ. “ಆಡು ಮುಗೀತು ಕಣ್ರವ್ವಾ, ಮನೆಗೋಗಿ!” ಎಂದು ಯಾರೋ ಕೂಗಿದ. ಸಭೆಗೆ ಸಭೆಯೇ ನಕ್ಕಿತು. ಆ ನಗುವಿನ ಮಧ್ಯೆಯೇ ಮಕ್ಕಳು ಒಬ್ಬೊಬ್ಬರಾಗಿ ನೆಲಕ್ಕಿಳಿದು ಮಲಗಿದರು. ಅಷ್ಟು ಚಂದದ ಕುಣಿತವನ್ನು ನಾನು ಮತ್ತೆ ನೋಡಲಿಲ್ಲ. ಆ ಕೂಗಿದವನ ಮೇಲೆ ಇವತ್ತಿಗೂ ನನ್ನ ಸಿಟ್ಟು ಆರಿಲ್ಲ.

“ತಾಳವೇ ಗೊತ್ತಿಲ್ಲದೆ ಏನು ಕಲಿಸ್ತೀರಿ?” ಎಂದು ಇನ್‌ಸ್ಪೆಕ್ಟ್ರೆಸ್ ಅಮ್ಮನವರು ಎಲ್ಲರೆದುರೇ ಕೇಳಿದರು. ಟೀಚರ್ ಸ್ಪ್ರಿಂಗಿನ ಮಾತೆತ್ತಲಿಲ್ಲ. ಎತ್ತಿದ್ದರೂ ಕೇಳುವವರು ಯಾರು?

ಮಾರ್ಚಿಗೆ ಆರ್ಡರ್ ಮುಗಿಯಿತು, ಮತ್ತೆ ಬರಲಿಲ್ಲ. ತಮ್ಮ ಬಂದು ಕರೆದುಕೊಂಡು ಹೋದ. ಹೊರಡುವಾಗ ಎಣ್ಣೆ ಡಬ್ಬಿ ನನ್ನ ಕೈಗಿಟ್ಟು, “ನಿಮ್ ಮಿಷನ್ನಿಗಾಯ್ತದೆ. ನಂಗಿನ್ಯಾಕೆ” ಎಂದರು.

ಕೆಲವು ವರ್ಷಗಳ ನಂತರ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ, ತೆಂಗಿನಕಾಯಿ ಮೂಟೆಗಳ ನಡುವೆ ಸಿಕ್ಕರು. ಕೈ ನೋಡಿದೆ, ಬೂದಿ ತಿಂದು ಬೆರಳ ಸಂದೆಲ್ಲ ಒಡೆದುಹೋಗಿತ್ತು. ಈಗಲೂ ಕುಣಿತ ಇದೆಯೇ ಎಂದು ಕೇಳಿಬಿಟ್ಟೆ. ನಕ್ಕರು. “ಯಾವ ಸ್ಪೀಡಿಗೆ ಕುಣೀಲಿ ಟೀಚರ್?” ಎಂದರು. ಅಷ್ಟರಲ್ಲಿ ಅರಕಲಗೂಡಿನ ಬಸ್ಸು ಬಂತು... ಅವರು ಸತ್ತ ಸುದ್ದಿ ತಿಳಿಯುವಷ್ಟರಲ್ಲಿ ತಿಥಿಯೂ ಕಳೆದಿತ್ತು.

ಲಂಗ ಅಳತೆ ನೋಡುವಾಗ ಮೊಮ್ಮಗಳು ಫೋನು ಹಿಡಿದಳು. ಅದೇ ಸಂಗೀತ! ಒಂದಲ್ಲ, ಲೆಕ್ಕವಿಲ್ಲದಷ್ಟು. “ಅಜ್ಜಿ, ಇದ್ರಲ್ಲಿ ಯಾವ್ದು ಚೆನ್ನಾಗಿದೆ ಹೇಳು.” ಒಂದೊಂದೇ ಕೇಳಿಸಿದಳು. ಎಲ್ಲವೂ ಓಡಿದವು. ನಿಧಾನ ಮಾಡಲು ಆಗುವುದಿಲ್ಲವೇನೇ ಎಂದೆ. ಎಲ್ಲೋ ಒತ್ತಿದಳು, ನಿಧಾನವೂ ಆಯಿತು. ಆದರೆ ಸ್ವರ ಇಳಿಯಲಿಲ್ಲ. ಕೊನೆಯಲ್ಲಿ ದಣಿದು, ಕುಸಿದು, ಮಕ್ಕಳನ್ನು ಮಲಗಿಸಲಿಲ್ಲ. ಮುಗಿಯುವವರೆಗೂ ಒಂದೇ ಸಮನೆ ಹೋಯಿತು.

“ಇದೇನಾ ಅಜ್ಜಿ?” ಎಂದಳು.

“ಅಲ್ಲ ಕಣೆ. ಅದು ಯಾವ ಪ್ಲೇಟಿನಲ್ಲೂ ಇರಲಿಲ್ಲ” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಮೊದಲನೆಯದನ್ನೇ ಆರಿಸಿಕೊಂಡು, ಲಂಗ ಎತ್ತಿ ಹಿಡಿದು ಓಡಿಹೋದಳು.