ಕೈಗೆ ಕಟ್ಟಿದ ಗೆಜ್ಜೆ

ಹಿಟ್ಟು ಜರಡಿ ಹಿಡಿಯುವಾಗ ತಗಡಿನ ಅಂಚಿಗೆ ಬೆರಳು ತಾಗಿ ಟಕ್ ಎಂದರೆ ಸಾಕು, ನಾಗಪುರದ ಧರಮಪೇಠದಲ್ಲಿದ್ದ ನಮ್ಮ ಬಾಡಿಗೆ ಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನಿಮಗೂ ಇಂಥದೊಂದು ಸದ್ದು ಇದ್ದೀತು. ಅದು ಐವತ್ತರ ದಶಕ. ಅಪ್ಪ ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ರೈಲ್ವೆ ಗುಮಾಸ್ತ. ಅವನ ತಂಗಿ ಗಂಗತ್ತೆ ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ನಮ್ಮ ಜೊತೆಗಿದ್ದಳು. ತಲೆಯ ಮೇಲಿನ ಸೆರಗು ಜಾರದ ಹಾಗೆ ಬದುಕುವುದನ್ನು ಅವಳಿಂದ ಕಲಿಯಬೇಕು. ಒಂದು ಚಳಿಗಾಲ ಉಜ್ಬೇಕ್ ನಾಡಿನ ನೃತ್ಯದವರು ಊರಿಗೆ ಬಂದರು. ಅಪ್ಪನಿಗೆ ಎರಡು ಪಾಸು ಸಿಕ್ಕಿದ್ದವು; ಅವನಿಗೆ ಆ ಸಂಜೆ ಕೆಲಸ, ಅವ್ವನಿಗೆ ಜ್ವರ. ಮಗುವಿಗೆ ಜೊತೆ ಬೇಕಲ್ಲ ಎಂಬ ನೆವದಲ್ಲಿ ಗಂಗತ್ತೆ ನನ್ನೊಡನೆ ಹೊರಟಳು.

ಪಟ್ಟೆಪಟ್ಟೆ ರೇಷ್ಮೆಯ ನಿಲುವಂಗಿ ತೊಟ್ಟ, ಸೊಂಟ ದಾಟಿದ ಹತ್ತಾರು ಜಡೆಗಳ ಹುಡುಗಿಯೊಬ್ಬಳು ವೇದಿಕೆಗೆ ಬಂದು ಸುಮ್ಮನೆ ನಿಂತಳು. ಪಕ್ಕದಲ್ಲೊಬ್ಬ ದಾಯಿರಾ ಎಂಬ, ಜರಡಿಯಂಥ ದುಂಡನೆಯ ಚರ್ಮವಾದ್ಯ ಬಾರಿಸತೊಡಗಿದ. ಮೊದಲು ಅವಳ ಒಂದೇ ಬೆರಳು ಅಲುಗಿತು, ಆಮೇಲೆ ಮಣಿಕಟ್ಟು, ತೋಳು, ಭುಜ. ಗೆಜ್ಜೆ ಇದ್ದದ್ದು ಕಾಲಿಗಲ್ಲ, ಕೈಗೆ. ಹಿಂದೆ ಅಲ್ಲಿಯ ಹೆಂಗಸರು ಒಳಮನೆಯಲ್ಲಿ, ಹೆಂಗಸರ ಮುಂದೆ ಮಾತ್ರ ಕುಣಿಯುತ್ತಿದ್ದರಂತೆ. ಮುಸುಕು ತೆಗೆದು ಊರೆದುರು ಕುಣಿದವಳೊಬ್ಬಳನ್ನು ಮನೆಯವರೇ ಕೊಂದರೆಂದು ವೇದಿಕೆಯಿಂದ ಹಿಂದಿಯಲ್ಲಿ ಹೇಳಿದರು. ಗಂಗತ್ತೆ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಮರುದಿನ ಮಧ್ಯಾಹ್ನ ಅವ್ವ ಮಲಗಿದ ಮೇಲೆ ನನ್ನ ಚಿಕ್ಕಂದಿನ ಗೆಜ್ಜೆಗಳನ್ನು ಗಂಗತ್ತೆ ಕೈಗೆ ಕಟ್ಟಿಸಿಕೊಂಡಳು. ನಾನು ಜರಡಿಯ ಅಂಚು ಬಾರಿಸಿದೆ. ಕೂತಲ್ಲೇ ಅವಳ ಕೈಗಳು ಕುಣಿದವು. ಅವಳು ಇಷ್ಟು ಚೆಲುವೆ ಎಂದು ನನಗೆ ಅಂದೇ ತಿಳಿದದ್ದು.

"ಕಾಲು ನೆಲಾ ಬಿಟ್ಟಿಲ್ಲ ನೋಡು, ಇದಕ್ಕ ಕುಣತ ಅನ್ನೂದಿಲ್ಲ," ಎಂದಳು. "ಯಾರ ಮುಂದನೂ ಹೇಳಬ್ಯಾಡ ಮತ್ತ."

ದಿನಾ ಮಧ್ಯಾಹ್ನ ನಮ್ಮದು ಇದೇ ಆಟ. ಆದರೆ ಎಂಟು ವರ್ಷದ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಓಣಿಯ ಮರಾಠಿ ಹೆಂಗಸರು ಬಂದಿದ್ದರು. ಗಂಗತ್ತೆ ಎಂದಿನಂತೆ ಅಡುಗೆಮನೆಯಲ್ಲಿ. ಬಂದವರೆಲ್ಲ ಹೆಂಗಸರೇ ತಾನೇ, ಇವರ ಮುಂದೆ ಕುಣಿಯಬಹುದು ಎಂದುಕೊಂಡು ನಾನು ಗೆಜ್ಜೆ ಹಿಡಿದು ಅವಳನ್ನು ನಡುಮನೆಗೆ ಎಳೆದು ತಂದೆ. ನಮ್ಮತ್ತೆಯ ಕುಣಿತ ನೋಡಿ ಎಂದೆ. ಯಾರೋ ಕಿಸಕ್ಕನೆ ನಕ್ಕರು. ನಮ್ಮ ಮನೆಯಲ್ಲಿ ಯಾರೂ ಕತ್ತಿ ಹಿಡಿಯಲಿಲ್ಲ, ಆ ನಗೆಯೇ ಸಾಕಾಯಿತು. ಮರುದಿನ ಗೆಜ್ಜೆಗಳು ಹಾಲಿನವನ ಕರುವಿನ ಕೊರಳಲ್ಲಿದ್ದವು. ಅವಳೇ ಕೊಟ್ಟಿದ್ದಳು. ನಮ್ಮ ಮಧ್ಯಾಹ್ನದ ಆಟ ಅಲ್ಲಿಗೇ ನಿಂತಿತು.

ಆ ಮನೆ ಈಗಿಲ್ಲ, ಅಪ್ಪ-ಅವ್ವ ಇಲ್ಲ. ಗಂಗತ್ತೆ ಕೊನೆಯ ದಿನಗಳಲ್ಲಿ ನನ್ನ ಬಳಿಯೇ ಇದ್ದಳು. ಮಾತು ನಿಂತುಹೋಗಿತ್ತು. ಒಂದು ಮಧ್ಯಾಹ್ನ ಜರಡಿ ತಂದು, ಅವಳ ಮಗ್ಗುಲಲ್ಲಿ ಕೂತು ಅಂಚು ಬಾರಿಸಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹೊದಿಕೆಯ ಮೇಲೆ ಒಂದು ಬೆರಳು ಅಲುಗಿತು. ಮಣಿಕಟ್ಟು ಮೆಲ್ಲಗೆ ತಿರುಗಿತು. ಕಟ್ಟಲು ನನ್ನ ಬಳಿ ಗೆಜ್ಜೆ ಇರಲಿಲ್ಲ. ಬಾರಿಸುತ್ತಲೇ ಇದ್ದೆ.