ಠಾಣೆಗೆ ನಡೆದುಹೋದ ಮೇಷ್ಟ್ರು

ಹಿತ್ತಲಿನಾಚೆ ಬಾವಿ ತೋಡುವವರು ಬಂಡೆ ಸಿಡಿಸಿದರು. ಸುಟ್ಟ ಮದ್ದಿನ ಘಾಟು ಅಡಿಗೆಮನೆಯವರೆಗೂ ಬಂತು. ಕೈಯಲ್ಲಿದ್ದ ಮೊರ ಕೆಳಗಿಟ್ಟೆ. ಕವಲಂದೆಯ ತೌರುಮನೆ, ಪಕ್ಕದ ಮನೆಯ ಮೇಷ್ಟ್ರು... ಎಲ್ಲ ಒಟ್ಟಿಗೆ ಕಣ್ಣೆದುರು ನಿಂತವು.

ಮೇಷ್ಟ್ರು ಧಾರವಾಡದ ಕಡೆಯವರು. ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಕೇಳಿದರೆ ಕಬ್ಬಿನ ಗಾಣಕ್ಕೆ ಸಿಕ್ಕಿತು ಅನ್ನುತ್ತಿದ್ದರು. ಬ್ರಿಟಿಷರ ಸೀಮೆಯಲ್ಲಿ ಬಾಂಬು ಕಟ್ಟಿ, ನಮ್ಮ ಮಹಾರಾಜರ ಸೀಮೆಗೆ ತಪ್ಪಿಸಿಕೊಂಡು ಬಂದವರೆಂದು ಊರಲ್ಲಿ ಗುಸುಗುಸು ಇತ್ತು.

ಒಂದು ವರ್ಷ ಬಾಕಿ ಉಳಿಯಿತೆಂದು ಕಂದಾಯ ವಸೂಲಿಯ ಶೇಕ್‌ದಾರ ನಮ್ಮಪ್ಪನನ್ನು ಚಾವಡಿಯ ಕಂಬಕ್ಕೆ ಕಟ್ಟಿಸಿ ಹೊಡೆಸಿದ. ಅಪ್ಪ ಆಮೇಲೆ ತಲೆಯೆತ್ತಿ ನಡೆಯಲಿಲ್ಲ. ನನ್ನ ತಮ್ಮ ಕಲ್ಲುಗಣಿಯಿಂದ ಮದ್ದು ತಂದು ಒಂದು ಸಂಜೆ ಮೇಷ್ಟ್ರ ಮುಂದಿಟ್ಟ. ನಾನು ಬೇಲಿಯ ಈಚೆ ಹಸುವಿಗೆ ಹುಲ್ಲು ಹಾಕುತ್ತಿದ್ದೆ.

"ಆ ಶೇಕ್‌ದಾರನ ಗಾಡಿ ನಾಳಿದ್ದು ಬತ್ತದೆ ಸಾ. ಎಂಗ್ ಕಟ್ಟೋದು ಅಂತ ಏಳ್ಕೊಡಿ, ಸಾಕು."

ಮೇಷ್ಟ್ರು ಮದ್ದಿನ ಪೊಟ್ಟಣ ಕೈಗೆತ್ತಿಕೊಂಡರು. "ನಾನೂ ಒಂದು ಗಾಡಿಗೇ ಬಾಂಬು ಒಗದಿದ್ದೆ. ಒಳಗ ಸಾಹೇಬ ಇರಲಿಲ್ಲ. ಗಾಡಿ ಹೊಡಿಯಾಂವ ಸತ್ತ. ಅವನ ಹೇಂತಿ ಒದರೋದು ಕೇಳಿಕೋತ ಓಡಿಬಂದೆ." ಹಾಗೆಂದು ಮದ್ದನ್ನು ಬಚ್ಚಲಿಗೆ ಸುರಿದು ನೀರು ಹೊಯ್ದರು.

ತಮ್ಮ ಕೆರಳಿದ. "ಮಾಡೋದ್ ಮಾಡ್ಬುಟ್ಟು ಇಲ್ಲಿ ಬಂದು ಅವಿತ್ಕೊಂಡಿದ್ದೀರಿ. ನೀವು ನಂಗೆ ಬುದ್ದಿ ಏಳ್ತೀರಾ?"

ಮೇಷ್ಟ್ರು ಒಳಗೆ ಹೋಗಿ ಕದ ಹಾಕಿಕೊಂಡರು...

ಮರುದಿನ ಬೆಳಿಗ್ಗೆ, ಒಗೆದ ಪಂಚೆ ಉಟ್ಟು ನಮ್ಮ ಜಗಲಿಗೆ ಬಂದರು. "ನೀ ಅಂದಿದ್ದು ಖರೇ ಐತಿ ತಮ್ಮಾ. ನಂಜನಗೂಡಿನ ಠಾಣೆಗೆ ಹೊಂಟೀನಿ. ಎಲ್ಲಾ ಹೇಳತೀನಿ."

ಅವ್ವ ಅಡ್ಡ ನಿಂತಳು. "ಬ್ಯಾಡಿ ಸಾಮಿ, ನೇಣಿಗೆ ಆಕ್ಬುಡ್ತಾರೆ."

"ಹೋಗಲಿಲ್ಲಂದ್ರ ನಿನ್ನೆ ನಾ ಹೇಳಿದ್ದು ಬರೀ ಬಾಯಿಮಾತು ಆಗತೈತ್ರೀ."

ತಮ್ಮ ಹಿಂದೆಯೇ ಓಡಿದ. ವಾಪಸ್ಸು ಬನ್ನಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡನಂತೆ. ಸಂಜೆ ಒಬ್ಬನೇ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಶೇಕ್‌ದಾರನ ಗಾಡಿ ಬಂತು, ಹೋಯಿತು. ಅಪ್ಪನ ಅವಮಾನ ಹಾಗೇ ಉಳಿಯಿತು. ಮೇಷ್ಟ್ರನ್ನು ಬ್ರಿಟಿಷರ ಕೈಗೊಪ್ಪಿಸಿದರು, ಕಡಲಾಚೆಗೆ ಸಾಗಿಸಿದರು ಎಂದು ಕೇಳಿದೆವು. ಆಮೇಲೆ ಸುದ್ದಿಯಿಲ್ಲ...

ತಮ್ಮ ಮತ್ತೆ ಮದ್ದು ಮುಟ್ಟಲಿಲ್ಲ. ಹೊಲ ಉತ್ತ, ಮಕ್ಕಳು ಮೊಮ್ಮಕ್ಕಳನ್ನು ಕಂಡ. ಆದರೆ ನನ್ನ ಮನೆಗೆ ಬಂದಾಗಲೆಲ್ಲ, ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತ, "ನಾನೇ ಅವ್ರನ್ನ ಕಳಿಸ್ಬುಟ್ಟೆ ಕಣಕ್ಕ" ಅನ್ನುತ್ತಿದ್ದ. ಇಲ್ಲ ಕಣೋ, ಅವರಾಗೇ ಹೋದರು ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ. ಹೌದೋ ಅಲ್ಲವೋ, ನನಗೂ ತಿಳಿಯದು. ಹೋದ ವರ್ಷ ಅವನನ್ನೂ ಮಣ್ಣು ಮಾಡಿ ಬಂದೆವು. ಈಗ ಅವರಾಗೇ ಹೋದರು ಅನ್ನೋಣವೆಂದರೆ ಕೇಳುವವರೇ ಇಲ್ಲ.